ಪಿಕಪ್ಪಿನ ಮುಂಭಾಗ ಸಮ ಮಾಡುವುದು ಹೇಗೆ? ಗಡಿನಾಡ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಉಮರ್ಗಾ, ನಿಲಂಗಾ, ಉದಗೀರ ಭಾಗದ ಓದುಗರ ಪತ್ರಗಳಿಗೇ ಇಡೀ ಅಂಕಣ ಮೀಸಲು. ನಿಲಂಗಾ ಮತ್ತು ಉದಗೀರ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಮುಂದೆ ಜಿಲ್ಲೆ, ರಾಜ್ಯ ಎರಡೂ ಬದಲಾದರೂ ಭಾಲ್ಕಿ, ಬಸವಕಲ್ಯಾಣ, ಕಮಲನಗರಗಳ ಜೊತೆಗಿನ ಕೊಡುಕೊಳ್ಳುವಿಕೆ ನಿಂತಿಲ್ಲ. ಸೋಯಾಬೀನ್, ತೊಗರಿ, ಹಾಲಿನ ಕ್ಯಾನು, ಆಡು-ಕುರಿ ಎಲ್ಲವನ್ನೂ ಇವತ್ತು ಹೊತ್ತು ತಿರುಗುವುದು ಪಿಕಪ್ ಗಾಡಿಯೇ. ಅದರ ಮುಂಭಾಗ ಕೂತರೂ ಎದ್ದರೂ ಸ್ಟೀರಿಂಗ್, ಬ್ರೇಕ್, ಟೈರ್, ದೀಪ ನಾಲ್ಕಕ್ಕೂ ಪೆಟ್ಟು. ಆದ್ದರಿಂದ ಬಂದ ಪ್ರಶ್ನೆಗಳಿಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಶರಣು. ಹೋದ ವರ್ಷ ಹೊಸಾ ಪಿಕಪ್ ತಗೊಂಡೀನಿ. ಖಾಲಿ ನಿಂತಾಗ ಹಿಂದಿನ ಕಡಿ ಎತ್ತರ, ಮುಂದಿನ ಕಡಿ ತಗ್ಗು ಕಾಣಸ್ತದ. ಮುಂದ ಒಂದೊಂದು ಪಾಟಾ ಜಾಸ್ತಿ ಹಾಕಿಸು, ಲೆವೆಲ್ ಆಗ್ತದ ಅಂತ ಗೆಳೆಯರು ಹೇಳ್ತಾರ. ಹಾಕಸ್ಲೇನ್ರಿ?
— ಸರಕು ಗಾಡಿ ಚಾಲಕ, ಉಮರ್ಗಾ

ಉತ್ತರ: ಹಾಕಿಸಬೇಡಿ. ನಿಮ್ಮ ಗಾಡಿಗೆ ಯಾವ ದೋಷವೂ ಇಲ್ಲ. ಸರಕು ಹೊರುವ ಗಾಡಿಯನ್ನು ಕಂಪನಿಯವರೇ ಹಿಂಭಾಗ ಎತ್ತರ ಇಟ್ಟು ಕಟ್ಟುತ್ತಾರೆ. ಮಾಲು ಬಿದ್ದಾಗ ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ಇಳಿದು ಗಾಡಿ ನೆಲಕ್ಕೆ ಸಮವಾಗಿ ನಿಲ್ಲಲಿ ಎಂಬುದು ಅದರ ಲೆಕ್ಕ. ಖಾಲಿ ಇದ್ದಾಗಲೇ ಮುಂದೆ ಎತ್ತಿ ಸಮ ಮಾಡಿಬಿಟ್ಟರೆ, ಮಾಲು ತುಂಬಿದ ಮೇಲೆ ಮೂತಿ ಆಕಾಶ ನೋಡುತ್ತದೆ. ಪಿಕಪ್ಪಿನ ಮಟ್ಟವನ್ನು ನೋಡಬೇಕಾದದ್ದು ಮಾಲು ಹೇರಿದಾಗ. ಈ ಒಂದು ಮಾತು ತಿಳಿದರೆ ಅರ್ಧ ಖರ್ಚು ಉಳಿಯುತ್ತದೆ.

ಅನುಮಾನವಿದ್ದರೆ ಅಳೆದು ನೋಡಿ. ಪೆಟ್ರೋಲ್ ಬಂಕಿನ ಕಾಂಕ್ರೀಟ್ ನೆಲದಂಥ ಸಮ ಜಾಗದಲ್ಲಿ ಗಾಡಿ ನಿಲ್ಲಿಸಿ. ನಾಲ್ಕೂ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ. ಮುಂದಿನ ಬಂಪರನ್ನು ನಾಲ್ಕೈದು ಸಲ ಒತ್ತಿ ಬಿಡಿ. ಬಿಗಿದ ಬುಶ್‌ಗಳು ಸಡಿಲಾಗಿ ಗಾಡಿ ತನ್ನ ಮಟ್ಟಕ್ಕೆ ಬರುತ್ತದೆ. ಆಮೇಲೆ ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಆದ್ದರಿಂದ ಚಕ್ರದ ನಡುವಿನಿಂದಲೇ ಅಳೆಯಬೇಕು. ನಾಲ್ಕೂ ಕಡೆಯ ಅಳತೆಯನ್ನು ಖಾಲಿ ಇದ್ದಾಗ ಒಮ್ಮೆ, ನಿಮ್ಮ ಮಾಮೂಲಿ ಮಾಲು ಹೇರಿದಾಗ ಒಮ್ಮೆ ಬರೆದಿಡಿ. ಹೊಸ ಗಾಡಿಯ ಈ ಅಳತೆ ಮುಂದೆ ನಿಮಗೆ ದಾಖಲೆಯಾಗುತ್ತದೆ. ಐದು ವರ್ಷದ ನಂತರ ಗಾಡಿ ನಿಜಕ್ಕೂ ಕೂತಿದೆಯೋ ಇಲ್ಲವೋ ಎಂಬುದನ್ನು ಆ ಚೀಟಿಯೇ ಹೇಳುತ್ತದೆ.

ಒಮ್ಮೆ ಬಗ್ಗಿ ಮುಂದಿನ ಎಕ್ಸೆಲ್ ಕಡೆಯೂ ನೋಡಿ. ಅಲ್ಲಿ ಮೂರರಲ್ಲಿ ಒಂದು ಇರುತ್ತದೆ: ಪಾಟಾ, ಸುರುಳಿ ಸ್ಪ್ರಿಂಗ್, ಇಲ್ಲವೇ ಚಾಸಿಯ ಉದ್ದಕ್ಕೆ ಮಲಗಿದ ಟಾರ್ಶನ್ ಬಾರ್. 2005ರಲ್ಲಿ ಬಂದ ಟಾಟಾ ಏಸ್‌ಗೆ ಮುಂದೆಯೂ ಪಾಟಾ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳಿಗೆ ಮುಂದೆ ಸುರುಳಿ ಸ್ಪ್ರಿಂಗ್. ಮೂರಕ್ಕೂ ರಿಪೇರಿಯ ದಾರಿ ಬೇರೆ ಬೇರೆ. ಪಕ್ಕದವನ ಗಾಡಿಗೆ ಮಾಡಿದ್ದು ನಿಮ್ಮ ಗಾಡಿಗೆ ಹೊಂದುತ್ತದೆ ಎಂದು ನಂಬಬೇಡಿ.

ಪ್ರಶ್ನೆ: ನಮ್ಮ ಗಾಡಿ ಮುಂದ ಎಡಗಡಿ ಒಂದು ಇಂಚು ಕುಂತದ. ಮುಂದ ಪಾಟಾನೇ ಅದ. ಹೊಸಾ ಶಾಕಪ್ ಹಾಕಿಸಿದ್ವಿ, ರೊಕ್ಕ ಹೋಯ್ತು, ಗಾಡಿ ಏಳಲಿಲ್ಲ. ಈಗ ಮಿಸ್ತ್ರಿ ಎಡಗಡೆ ಪಾಟಾ ಬಿಚ್ಚಿ ಬಡಿದು ಕಮಾನು ಏರಸ್ತೀನಿ ಅಂತಾನ.
— ರೈತ, ಕಾಸರ ಶಿರಸಿ, ನಿಲಂಗಾ ತಾಲ್ಲೂಕು

ಉತ್ತರ: ಶಾಕಪ್ ಗಾಡಿಯ ಭಾರ ಹೊರುವುದಿಲ್ಲ. ಸ್ಪ್ರಿಂಗಿನ ಕುಣಿತವನ್ನು ತಡೆಯುವುದಷ್ಟೇ ಅದರ ಕೆಲಸ. ಆದ್ದರಿಂದ ಅದನ್ನು ಬದಲಿಸಿದರೆ ಎತ್ತರ ಹೆಚ್ಚಾಗುವ ಮಾತೇ ಇಲ್ಲ. ಇನ್ನು ಬಡಿಯುವ ಕೆಲಸಕ್ಕೆ ಕೈ ಹಾಕುವ ಮೊದಲು ಕಾರಣ ಹುಡುಕಿ. ಈ ಕ್ರಮದಲ್ಲಿ ನೋಡುತ್ತ ಹೋಗಿ.

ಮೊದಲು ಟೈರ್. ಎಡ-ಬಲ ಟೈರು ಒಂದೇ ಅಳತೆಯವೇ, ಸವೆತ ಒಂದೇ ಇದೆಯೇ, ಗಾಳಿ ಸರಿ ಇದೆಯೇ ನೋಡಿ. ಎರಡನೆಯದು ಪಾಟಾ ಕಟ್ಟಿನಲ್ಲಿ ಮುರಿದ ಎಲೆ. ಮಣ್ಣು ತೊಳೆದು, ಯು ಬೋಲ್ಟ್ ಹತ್ತಿರ ಮತ್ತು ಸೆಂಟರ್ ಬೋಲ್ಟಿನ ತೂತಿನ ಸುತ್ತ ಬ್ಯಾಟರಿ ಹಾಕಿ ಹುಡುಕಿ. ಪಾಟಾ ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ. ಮೂರನೆಯದು ಸೆಂಟರ್ ಬೋಲ್ಟ್. ಅದು ತುಂಡಾದರೆ ಎಕ್ಸೆಲ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಎಡ ಮತ್ತು ಬಲಗಡೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರ ಅಳೆದರೆ ಗೊತ್ತಾಗುತ್ತದೆ. ನಾಲ್ಕನೆಯದು ಶ್ಯಾಕಲ್ಲಿನ ಪಿನ್ನು, ಬುಶ್. ಐದನೆಯದು ಚಾಸಿಯಲ್ಲಿ ಪಾಟಾ ಕೂರುವ ಬ್ರ್ಯಾಕೆಟ್ಟಿನ ಬಿರುಕು. ಇದೊಂದು ಕಂಡರೆ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ.

ನಿಮ್ಮ ಕಡೆ ಎಡಭಾಗ ಬೇಗ ದಣಿಯಲು ಒಂದು ಕಾರಣವಿದೆ. ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರಿನ ಅಂಚು ಮೊದಲು ಕುಸಿಯುತ್ತದೆ. ಎದುರು ಬಂದ ಗಾಡಿಗೆ ದಾರಿ ಬಿಡುವಾಗಲೆಲ್ಲ ನಿಮ್ಮ ಎಡಚಕ್ರ ಆ ಗುಂಡಿಗೆ ಇಳಿದು ಏಳುತ್ತದೆ.

ಬಡಿದು ಏರಿಸಿದ ಕಮಾನು ಕೆಲವು ತಿಂಗಳು ನಿಲ್ಲಬಹುದು, ಮತ್ತೆ ಇಳಿಯುತ್ತದೆ. ಅದರಲ್ಲೂ ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸಲು ಮಾತ್ರ ಬಿಡಬೇಡಿ. ಪಾಟಾದ ಉಕ್ಕನ್ನು ಕಾರ್ಖಾನೆಯಲ್ಲಿ 850 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400ರಿಂದ 500 ಡಿಗ್ರಿಯಲ್ಲಿ ಹದ ಮಾಡಿರುತ್ತಾರೆ. ಬಾಗಿ ಮತ್ತೆ ಮೊದಲಿನಂತಾಗುವ ಗುಣ ಬರುವುದು ಆ ಹದದಿಂದ. ರಸ್ತೆ ಬದಿಯ ಗ್ಯಾಸಿನ ಬೆಂಕಿ ಅದನ್ನು ಕೆಡಿಸುತ್ತದೆ. ಕಾದ ಜಾಗ ಒಂದೋ ಮೆತ್ತಗಾಗಿ ಕೂರುತ್ತದೆ, ಇಲ್ಲವೇ ಗಡುಸಾಗಿ ಮುರಿಯುತ್ತದೆ. ಪಾಟಾ ನಿಜಕ್ಕೂ ದಣಿದಿದ್ದರೆ ಕಂಪನಿ ಅಳತೆಯ ಹೊಸದನ್ನೇ ಹಾಕಿಸಿ, ಅದೂ ಎರಡೂ ಕಡೆಗೆ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಎಳೆಯಲು ಶುರು ಮಾಡುತ್ತದೆ.

ಪ್ರಶ್ನೆ: ದಾಲ್ ಮಿಲ್ಲಿಂದ ಬೀದರಕ್ಕ ಚೀಲ ಹೊಡೀತೀವಿ. ಮುಂದಿನ 8 ಮಿಲಿಮೀಟರ್ ಪಾಟಾ ತೆಗೆದು 10 ಮಿಲಿಮೀಟರ್ ಹಾಕಿದ್ರ ಗಾಡಿ ಕೂಡೋದಿಲ್ಲ, ಬರೇ ಎರಡು ಮಿಲಿಮೀಟರ್ ಫರಕ್ ಅಂತಾರ. ಖರೇನಾ?
— ಗಾಡಿ ಮಾಲೀಕ, ಉದಗೀರ

ಉತ್ತರ: ಎರಡು ಮಿಲಿಮೀಟರ್ ಸಣ್ಣ ಫರಕಲ್ಲ. ಪಾಟಾದ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8ರ ಘನ 512, 10ರ ಘನ 1000. ಅಂದರೆ ಅಗಲ, ಉದ್ದ, ಎಲೆಗಳ ಸಂಖ್ಯೆ ಹಾಗೇ ಇದ್ದು ದಪ್ಪ ಮಾತ್ರ 8ರಿಂದ 10ಕ್ಕೆ ಏರಿದರೆ ಬಿಗಿತ ಹೆಚ್ಚುಕಡಿಮೆ ಎರಡು ಪಟ್ಟು. ಒಂದೇ ದಪ್ಪದ ಎಲೆ ಒಂದು ಹೆಚ್ಚಿದರೆ ಲೆಕ್ಕ ಅಷ್ಟು ತೀವ್ರವಲ್ಲ: ಐದು ಎಲೆ ಆರಾದರೆ ಸುಮಾರು 20 ಪ್ರತಿಶತ ಬಿಗಿ.

ಮುಂದಿನ ಪಾಟಾ ಎರಡು ಪಟ್ಟು ಬಿಗಿಯಾದರೆ ಗುಂಡಿಯ ಪೆಟ್ಟು ಪಾಟಾದಲ್ಲಿ ಇಂಗದೆ ಕಿಂಗ್ ಪಿನ್, ಟೈ ರಾಡ್, ಸ್ಟೀರಿಂಗ್ ಬಾಕ್ಸ್, ಚಾಸಿಯ ಬ್ರ್ಯಾಕೆಟ್ ಎಲ್ಲಕ್ಕೂ ಹಂಚಿಹೋಗುತ್ತದೆ. ಖಾಲಿ ಬರುವಾಗ ಮುಂದಿನ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಪುಟಿದಷ್ಟು ಹೊತ್ತು ಸ್ಟೀರಿಂಗಿಗೂ ಬ್ರೇಕಿಗೂ ಹಿಡಿತವಿಲ್ಲ.

ಇನ್ನೊಂದು ಮಾತು. ಹೆಚ್ಚು ಪಾಟಾ ಹಾಕಿದ ಮಾತ್ರಕ್ಕೆ ಗಾಡಿಯ ಹೊರುವ ಹಕ್ಕು ಹೆಚ್ಚುವುದಿಲ್ಲ. ಎಕ್ಸೆಲ್, ಬೇರಿಂಗ್, ಬ್ರೇಕ್, ಟೈರು ಅವೇ. ಆರ್‌ಸಿ ಪುಸ್ತಕದಲ್ಲಿ ಬರೆದ ಒಟ್ಟು ತೂಕವೇ ಮಿತಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಮಿತಿ ಮೀರಿದರೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ. ಚೀಲ ಹೇರುವಾಗ ಒಮ್ಮೆ ತೂಕದ ಕಾಟಾಕ್ಕೆ ಹತ್ತಿಸಿ. ಕಾಟಾದ ಮೇಲೆ ಮುಂದಿನ ಚಕ್ರ ಮಾತ್ರ ನಿಲ್ಲಿಸಿ ಒಂದು ತೂಕ, ಇಡೀ ಗಾಡಿ ನಿಲ್ಲಿಸಿ ಒಂದು ತೂಕ ತೆಗೆದುಕೊಂಡರೆ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬುದೂ ತಿಳಿಯುತ್ತದೆ. ಪಾಟಾ ಕೂರುತ್ತಿರುವುದು ಅದರ ದೋಷದಿಂದಲೋ ಭಾರದಿಂದಲೋ ಎಂದು ಆ ಎರಡು ಚೀಟಿಗಳೇ ತೀರ್ಮಾನ ಕೊಡುತ್ತವೆ.

ಪ್ರಶ್ನೆ: ನಂದು ಹಳೇ ಗಾಡಿ, ಮುಂದ ಟಾರ್ಶನ್ ಬಾರ್ ಅದ. ಕುಂತಿತ್ತು ಅಂತ ಮಿಸ್ತ್ರಿ ಬೋಲ್ಟ್ ತಿರುವಿ ಎತ್ತಿದ. ಈಗ ಎತ್ತರ ಬಂದದ, ಆದ್ರ ಗುಂಡ್ಯಾಗ ಬಿದ್ದು ಏಳೋವಾಗ ‘ಧಡ್’ ಅಂತದ. ಬಾರ್ ಬಿಗಿ ಆಗ್ಯದೇನು?
— ಓದುಗ, ಔರಾದ ಶಹಾಜನಿ

ಉತ್ತರ: ಬಾರ್ ಬಿಗಿಯಾಗಿಲ್ಲ. ಟಾರ್ಶನ್ ಬಾರ್ ಎಂದರೆ ತಿರುಚಿದಾಗ ಭಾರ ಹೊರುವ ಉಕ್ಕಿನ ಸರಳು. ಅದರ ಬಿಗಿತ ಸರಳಿನ ದಪ್ಪ ಮತ್ತು ಉದ್ದಕ್ಕೆ ಸೇರಿದ್ದು. ಬೋಲ್ಟ್ ತಿರುವಿದರೆ ಬದಲಾಗದು. ಬೋಲ್ಟ್ ಮಾಡುವುದು ಇಷ್ಟೇ: ಸರಳಿನ ಹಿಂದಿನ ತುದಿಯನ್ನು ತುಸು ತಿರುಗಿಸಿ, ಮುಂದಿನ ತೋಳು ನಿಲ್ಲುವ ಜಾಗವನ್ನು ಕೆಳಕ್ಕೆ ತಳ್ಳುತ್ತದೆ. ಚಾಸಿ ಮೇಲೇಳುತ್ತದೆ.

ಹಾಗಾದರೆ ‘ಧಡ್’ ಎಲ್ಲಿಂದ? ಚಕ್ರಕ್ಕೆ ಮೇಲೆ ಹೋಗಲೂ ಕೆಳಗೆ ಇಳಿಯಲೂ ಜಾಗ ಬೇಕು. ಗಾಡಿಯನ್ನು ಅತಿಯಾಗಿ ಎತ್ತಿದಾಗ ತೋಳು ಮೊದಲೇ ಕೆಳಗೆ ಇಳಿದು ನಿಂತಿರುತ್ತದೆ. ಗುಂಡಿ ಬಂದಾಗ ಇನ್ನೂ ಇಳಿಯಲು ಜಾಗವಿಲ್ಲದೆ ರಬ್ಬರ್ ತಡೆಗೆ ಬಡಿಯುತ್ತದೆ. ಬಾಲ್ ಜಾಯಿಂಟ್ ಕೂಡ ಓರೆಯಾಗಿ ದುಡಿದು ಬೇಗ ಸವೆಯುತ್ತದೆ.

ಪರಿಹಾರ ಹೀಗಿದೆ. ಬೋಲ್ಟಿನ ಈಗಿನ ಜಾಗಕ್ಕೆ ಬಣ್ಣದ ಗುರುತು ಹಾಕಿ. ಚಾಸಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ನೇತಾಡುವಂತೆ ಮಾಡಿ. ಭಾರ ಇದ್ದಾಗ ತಿರುವಿದರೆ ಬೋಲ್ಟಿನ ಎಳೆ ಹಾಳಾಗುತ್ತದೆ. ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಕೆಳಗಿಳಿಸಿ, ಗಾಡಿಯನ್ನು ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ, ಮತ್ತೆ ಅಳೆಯಿರಿ. ಕಂಪನಿ ಕೈಪಿಡಿಯ ಎತ್ತರಕ್ಕೆ ಬಂದಾಗ ನಿಲ್ಲಿಸಿ. ಬಾರ್ ಬಿಚ್ಚುವ ಪ್ರಸಂಗ ಬಂದರೆ ಎಡದ್ದನ್ನು ಬಲಕ್ಕೆ ಹಾಕಿಸಬೇಡಿ. ಎರಡನ್ನೂ ಅವು ತಿರುಚಬೇಕಾದ ದಿಕ್ಕಿಗೆ ತಕ್ಕಂತೆ ಕಾರ್ಖಾನೆಯಲ್ಲಿ ಪಳಗಿಸಿರುತ್ತಾರೆ. ಕೊನೆಗೆ ವ್ಹೀಲ್ ಅಲೈನ್‌ಮೆಂಟ್ ಕಡ್ಡಾಯ. ಎತ್ತರ ಬದಲಾದ ಕೂಡಲೇ ಎರಡು ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗುತ್ತದೆ. ಹಾಗೇ ಓಡಿಸಿದರೆ ಟೈರಿನ ಒಂದು ಅಂಚು ಗರಗಸದ ಹಲ್ಲಿನಂತೆ ಸವೆಯುತ್ತದೆ.

ಪ್ರಶ್ನೆ: 2016ರಾಗ ಮೀರಜ್‌ದಿಂದ ಲಾತೂರಕ್ಕ ರೈಲಿನ್ಯಾಗ ನೀರು ತಂದಿದ್ರಲ್ಲ, ಆ ಬರಗಾಲದಿಂದ ನಾನು ಪಿಕಪ್ಪಿನ ಮ್ಯಾಲ ಟಾಕಿ ಇಟ್ಟು ನೀರು ಹಾಕ್ತೀನಿ. ತುಂಬಿದಾಗ ಮುಂದಿನ ಕಡಿ ಏಳ್ತದ, ಸ್ಟೀರಿಂಗ್ ಹಗುರ ಆಗ್ತದ. ಮುಂದಿನ ಕಡಿ ಇಳಿಸ್ಲಿಕ್ಕ ಏನರ ಉಪಾಯ ಅದನ?
— ನೀರಿನ ಗಾಡಿಯವರು, ನಿಲಂಗಾ

ಉತ್ತರ: ಮುಂಭಾಗಕ್ಕೆ ಕೈ ಹಚ್ಚಬೇಡಿ. ಸರಿಪಡಿಸಬೇಕಾದದ್ದು ಟಾಕಿ ಕೂತ ಜಾಗ. ಸಾವಿರ ಲೀಟರ್ ನೀರೆಂದರೆ ಸಾವಿರ ಕಿಲೋ. ನಿಮ್ಮ ಗಾಡಿಯ ಎರಡು ಎಕ್ಸೆಲ್ ನಡುವೆ ಮೂರು ಮೀಟರ್ ಇದೆ ಎಂದಿಟ್ಟುಕೊಳ್ಳಿ. ಟಾಕಿಯ ನಡು ಹಿಂದಿನ ಎಕ್ಸೆಲ್‌ಗಿಂತ 30 ಸೆಂಟಿಮೀಟರ್ ಹಿಂದಕ್ಕೆ ಬಿದ್ದರೆ, ಮುಂದಿನ ಚಕ್ರಗಳಿಂದ 100 ಕಿಲೋ ಭಾರ ಎತ್ತಿಹೋಗುತ್ತದೆ, ಹಿಂದಿನ ಚಕ್ರಗಳ ಮೇಲೆ 1,100 ಕಿಲೋ ಬೀಳುತ್ತದೆ. ಸ್ಟೀರಿಂಗ್ ಹಗುರ ಎನ್ನಿಸುವುದಕ್ಕೆ ಇದೇ ಕಾರಣ. ಮುಂದಿನ ಟೈರು ನೆಲವನ್ನು ಬಿಗಿಯಾಗಿ ಹಿಡಿದಿಲ್ಲ. ತಿರುವಿನಲ್ಲಿ ಗಾಡಿ ನೇರಕ್ಕೇ ಹೋಗುವ ಅಪಾಯ ಇದರದು.

ಟಾಕಿಯನ್ನು ಕ್ಯಾಬಿನ್ ಕಡೆ ಸರಿಸಿ, ಅದರ ನಡು ಹಿಂದಿನ ಎಕ್ಸೆಲ್‌ಗಿಂತ ಮುಂದೆ ಬರುವಂತೆ ಕೂರಿಸಿ. ಚಾಸಿಗೆ ಸೇರಿದ ಕೊಂಡಿಗಳಿಗೆ ಪಟ್ಟಿ ಬಿಗಿಯಿರಿ. ಟಾಕಿ ಪೂರ್ತಿ ತುಂಬಿದಾಗಿನದಕ್ಕಿಂತ ಅರ್ಧ ಇದ್ದಾಗ ಹೆಚ್ಚು ಅಪಾಯಕಾರಿ ಎಂಬುದನ್ನು ನೆನಪಿಡಿ. ಬ್ರೇಕ್ ಒತ್ತಿದಾಗ ಅರ್ಧ ಟಾಕಿಯ ನೀರು ಮುಂದಕ್ಕೆ ನುಗ್ಗುತ್ತದೆ, ಏರು ಹತ್ತುವಾಗ ಹಿಂದಕ್ಕೆ ಬೀಳುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಒಳಗೆ ತಡೆಗೋಡೆ ಇರುವ ಟಾಕಿ ಸಿಕ್ಕರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಒಂದು ದೊಡ್ಡ ಟಾಕಿಯ ಬದಲು ಎರಡು ಸಣ್ಣವು ಇಟ್ಟು, ಹಿಂದಿನದನ್ನು ಮೊದಲು ಪೂರ್ತಿ ಖಾಲಿ ಮಾಡಿ.

ಹಿಂದೆ ಪಾಟಾ ಹೆಚ್ಚಿಸಿ ಮೂತಿ ಇಳಿಸುವ ಯೋಚನೆಯೂ ಬೇಡ. ಹಲವು ಪಿಕಪ್‌ಗಳಲ್ಲಿ ಹಿಂದಿನ ಎಕ್ಸೆಲ್‌ಗೂ ಚಾಸಿಗೂ ನಡುವೆ ಸಣ್ಣ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ಇಳಿದಿದೆ ಎಂಬುದರಿಂದ ಅದು ಭಾರವನ್ನು ಅಳೆದು, ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಕೊಡಬೇಕೆಂದು ತೀರ್ಮಾನಿಸುತ್ತದೆ. ಹೆಚ್ಚಿನ ಪಾಟಾದಿಂದ ಹಿಂಭಾಗ ಇಳಿಯದೇ ಹೋದರೆ ಗಾಡಿ ಖಾಲಿ ಇದೆ ಎಂದೇ ಬಗೆದು ಬ್ರೇಕ್ ಕಡಿಮೆ ಕೊಡುತ್ತದೆ. ಸಾವಿರ ಕಿಲೋ ನೀರು ಹೊತ್ತ ಗಾಡಿ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ನೀವು ಹೋಗುವ ಓಣಿಗಳಲ್ಲಿ ಕೊಡ ಹಿಡಿದ ಮಕ್ಕಳು ಗಾಡಿಗೆ ಎದುರಾಗಿ ಓಡಿ ಬರುತ್ತಾರೆ. ದಯವಿಟ್ಟು ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಸುರುಳಿ ಸ್ಪ್ರಿಂಗ್ ಇರುವ ಡಬಲ್ ಕ್ಯಾಬ್ ಪಿಕಪ್. ಎರಡು ಇಂಚು ಎತ್ತುವ ಲೆವೆಲಿಂಗ್ ಕಿಟ್ ತರಿಸಬೇಕೆಂದಿದ್ದೇನೆ. ಮುಂಭಾಗ ಎತ್ತರವಾದರೆ ಚೆಂದ ಕಾಣುತ್ತದೆ. ಕಾನೂನಿನ ತೊಡಕಿದೆಯೇ?
— ಕಾಲೇಜು ವಿದ್ಯಾರ್ಥಿ, ಮುರುಮ್

ಉತ್ತರ: ಅಂಥ ಕಿಟ್‌ಗಳಲ್ಲಿ ಬಹುಪಾಲು ಸ್ಪ್ರಿಂಗ್ ಮೇಲೆ ಕೂರಿಸುವ ಲೋಹದ ಇಲ್ಲವೇ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಸ್ಪ್ರಿಂಗ್ ನಿಂತಿರುವುದು ತೋಳಿನ ನಡುಭಾಗದಲ್ಲಿ, ಚಕ್ರ ಇರುವುದು ತುದಿಯಲ್ಲಿ. ಆದ್ದರಿಂದ ಬಿಲ್ಲೆಯ ದಪ್ಪಕ್ಕಿಂತ ಗಾಡಿ ಹೆಚ್ಚು ಏಳುತ್ತದೆ. ಟಾರ್ಶನ್ ಬಾರ್ ಕುರಿತ ಉತ್ತರದಲ್ಲಿ ಹೇಳಿದ ತೊಂದರೆಯೇ ಇಲ್ಲೂ ಬರುತ್ತದೆ: ಚಕ್ರ ಕೆಳಗಿಳಿಯಲು ಜಾಗ ಕಡಿಮೆ, ಬಾಲ್ ಜಾಯಿಂಟ್ ಓರೆ. ಫೋರ್ ವ್ಹೀಲ್ ಡ್ರೈವ್ ಆಗಿದ್ದರೆ ಮುಂದಿನ ಡ್ರೈವ್ ಶಾಫ್ಟಿನ ಜಾಯಿಂಟ್‌ಗೂ ಅದೇ ಗತಿ. ಸುರುಳಿಗಳ ನಡುವೆ ರಬ್ಬರ್ ತುರುಕುವ ಅಗ್ಗದ ಉಪಾಯ ಇನ್ನೂ ಕೆಟ್ಟದ್ದು. ರಬ್ಬರ್ ಹಿಡಿದ ಸುತ್ತು ಕೆಲಸ ಬಿಟ್ಟು, ಉಳಿದ ಸುತ್ತುಗಳ ಮೇಲೆ ಹೆಚ್ಚು ಒತ್ತಡ ಬಿದ್ದು ಸ್ಪ್ರಿಂಗ್ ತುಂಡಾಗುತ್ತದೆ.

ದೀಪದ ಲೆಕ್ಕವನ್ನೂ ನೋಡಿ. ಮೂರು ಮೀಟರ್ ಉದ್ದದ ಗಾಲಿ ಅಂತರದಲ್ಲಿ ಮುಂಭಾಗ ಮೂರು ಸೆಂಟಿಮೀಟರ್ ಎದ್ದರೂ, 50 ಮೀಟರ್ ದೂರದಲ್ಲಿ ಬೆಳಕು ಅರ್ಧ ಮೀಟರ್ ಮೇಲಕ್ಕೆ ಹೋಗುತ್ತದೆ. ನಿಮ್ಮ ಆಸೆ ಎರಡು ಇಂಚು, ಅಂದರೆ ಐದು ಸೆಂಟಿಮೀಟರ್. ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ರಾತ್ರಿ ಎದುರು ಬರುವವನ ಕಣ್ಣಿಗೇ ಅದು ಬೀಳುತ್ತದೆ.

ಕಾನೂನೂ ಸ್ಪಷ್ಟ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ 182ಎ ಕಲಮಿನಂತೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರೂ ಈ ಮಾತೆತ್ತುತ್ತಾರೆ. ಆ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಟೈರು ಹಾಕಿಸಿ. ಗಾಡಿಗೂ ನಿಮಗೂ ಅದರಿಂದಲೇ ಒಳ್ಳೆಯದು.

ಪ್ರಶ್ನೆ: ಮನಿಯವರು ಗಾಡಿ ಓಡಸ್ತಾರ, ಲೆಕ್ಕಪತ್ರ ನಾ ನೋಡ್ತೀನಿ. ಮುಂದಿನ ಎರಡೂ ಪಾಟಾ ಹೊಸಾದು ಹಾಕಸ್ಲಿಕ್ಕ ಕೊಟ್ಟೀವಿ. ರೊಕ್ಕ ಕೊಡೋಕಿಂತ ಮೊದ್ಲ ನಾ ಏನೇನು ನೋಡ್ಬೇಕು, ಏನೇನು ಕೇಳ್ಬೇಕು, ಬರೀರಿ.
— ಹಾಲಿನ ವ್ಯಾಪಾರದ ಓದುಗರು, ಉದಗೀರ ತಾಲ್ಲೂಕು

ಉತ್ತರ: ಅಕ್ಕಾ, ಹಣ ಕೊಡುವ ಮೊದಲೇ ಕೇಳುವುದು ಸರಿಯಾದ ಪದ್ಧತಿ. ಇದಕ್ಕೆ ಮಿಸ್ತ್ರಿಯ ವಿದ್ಯೆ ಬೇಕಿಲ್ಲ, ಒಂದು ಟೇಪು ಮತ್ತು ಈ ಪಟ್ಟಿ ಸಾಕು.

ಹಳೆಯ ಪಾಟಾ, ಬುಶ್, ಪಿನ್ನು ಎಲ್ಲವನ್ನೂ ತೋರಿಸಲು ಹೇಳಿ. ಬಿಲ್ಲಿನಲ್ಲಿ ಬರೆದದ್ದು ನಿಜಕ್ಕೂ ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಯು ಬೋಲ್ಟ್ ಹೊಸದೇ ಎಂದು ಕೇಳಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಮತ್ತೆ ಹಾಕಿದರೆ ಬಿಗಿ ನಿಲ್ಲದು. ಅದು ಸಡಿಲಾದರೆ ಸೆಂಟರ್ ಬೋಲ್ಟ್ ತುಂಡಾಗುತ್ತದೆ.

ಎಕ್ಸೆಲ್ ಮತ್ತು ಪಾಟಾ ನಡುವೆ ಕಬ್ಬಿಣದ ಇಲ್ಲವೇ ಕಟ್ಟಿಗೆಯ ತುಂಡು ಸೇರಿಸಿದ್ದಾರೆಯೇ ನೋಡಿ. ಇದ್ದರೆ ತೆಗೆಸಿ. ಮುಂದಿನ ಎಕ್ಸೆಲ್ ಬ್ರೇಕನ್ನೂ ಸ್ಟೀರಿಂಗನ್ನೂ ಹೊರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಆ ತುಂಡು ಹಾರಿದರೆ ಗಾಡಿ ಕೈಗೆ ಸಿಗುವುದಿಲ್ಲ.

ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಲು ಹೇಳಿ. ಬ್ರೇಕ್ ಪೈಪು ಎಳೆದು ಬಿಗಿಯಾಗಬಾರದು, ಟೈರಿಗೆ ತಾಗಬಾರದು.

ಚಕ್ರದ ನಡುವಿನಿಂದ ಮಡ್‌ಗಾರ್ಡ್‌ವರೆಗೆ ಎಡ-ಬಲ ಎರಡೂ ಅಳೆದು ಬರೆದುಕೊಳ್ಳಿ. ಅರ್ಧ ಇಂಚಿಗಿಂತ ಹೆಚ್ಚು ಫರಕಿದ್ದರೆ ಕಾರಣ ಕೇಳಿ. ಹೊಸ ಪಾಟಾ ಮೊದಲ ಕೆಲವು ದಿನ ತುಸು ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಎರಡೂ ಕಡೆ ಒಂದೇ ಸಮ ಇಳಿಯಬೇಕು, ಅಷ್ಟೇ.

ಅಲೈನ್‌ಮೆಂಟ್ ಮಾಡಿಸಿದ ಚೀಟಿ ಕೇಳಿ ತೆಗೆದುಕೊಳ್ಳಿ. ಸಂಜೆ ಒಂದು ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಡಿಪ್ ಹಾಕಿಸಿ. ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಕೆಳಗೇ ಇರಬೇಕು.

ಇಷ್ಟಾದ ಮೇಲೆ ಹಣ ಕೊಡಿ. ಕ್ಯಾನು ಹೇರಿಕೊಂಡು ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕೆಂದು ಮನೆಯವರಿಗೆ ನೆನಪಿಸಿ. ಹತ್ತು ನಿಮಿಷದ ಈ ಕೆಲಸವನ್ನು ಮರೆಯುವವರೇ ಹೆಚ್ಚು, ಹೊಸ ಪಾಟಾ ಅವಧಿಗೆ ಮೊದಲೇ ಮುರಿಯುವುದೂ ಹೆಚ್ಚಾಗಿ ಇದರಿಂದಲೇ. ದಿನಾ ಬೆಳಕು ಹರಿಯುವ ಮೊದಲೇ ಹಾಲು ಹೊತ್ತು ಹೊರಡುವ ಗಾಡಿ ನಿಮ್ಮದು. ಅದರ ಲೆಕ್ಕದ ಪುಸ್ತಕದಲ್ಲಿ ಹಣದ ಜೊತೆಗೆ ಈ ಅಳತೆಗಳಿಗೂ ಒಂದು ಪುಟ ತೆಗೆದಿಡಿ.